ಶನಿವಾರದ ಹಾಜರಿ ಪಟ್ಟಿ

ಒಂಬತ್ತನೇ ಕ್ಲಾಸಿನ ನಡುವಿನಲ್ಲಿ ಮಗಳ ಗೆಳತಿಯರ ಗುಂಪು ಒಡೆಯಿತು, ಇವಳು ಹೊರಗುಳಿದಳು. ಊಟದ ಡಬ್ಬಿ ಹಿಡಿದು ಲೈಬ್ರರಿಯ ಮೂಲೆಗೆ ಹೋಗಿ ಕೂರುತ್ತಿದ್ದಳೆಂದು ನಮಗೆ ಗೊತ್ತಾಗುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ಶಾಲೆಯ ಕೌನ್ಸೆಲರ್ ಹತ್ತಿರ ಹೋದರೆ, "ಮಾತು ಕಡಿಮೆ ಅಷ್ಟೇ, ಮಾರ್ಕ್ಸ್ ಚೆನ್ನಾಗೇ ಇದೆಯಲ್ಲ" ಎಂದು ಸಮಾಧಾನ ಹೇಳಿ ಕಳಿಸಿದರು. ಮಾರ್ಕ್ಸ್ ಚೆನ್ನಾಗಿರುವ ಮಕ್ಕಳು ಕಣ್ಣಿಗೇ ಬೀಳುವುದಿಲ್ಲ ಅನ್ನುವುದನ್ನು ನಾನು ಅವತ್ತು ಕಲಿತೆ.

ನಾವಿರುವುದು ನಾರ್ತ್ ಕೆರೊಲಿನಾದ ಮಾರಿಸ್‌ವಿಲ್‌ನಲ್ಲಿ. ಕನ್ನಡದವರಿಗೆ ಇಲ್ಲಿ ಬರವಿಲ್ಲ. ವಾರಾಂತ್ಯ ಬಂತೆಂದರೆ ಹುಟ್ಟುಹಬ್ಬ, ಸತ್ಯನಾರಾಯಣ ಪೂಜೆ, ಕನ್ನಡ ಕೂಟದ ರಿಹರ್ಸಲ್ಲು. ಮಗಳು ಅಲ್ಲೂ ಮೂಲೆ ಹುಡುಕಲು ಶುರುಮಾಡಿದ್ದಳು. ಆಗ ನನ್ನ ಆಫೀಸಿನ ಸಹೋದ್ಯೋಗಿಯೊಬ್ಬರು, ಆಫ್ರಿಕನ್ ಅಮೆರಿಕನ್ ಮಹಿಳೆ, ಒಂದು ಅರ್ಜಿಯ ಲಿಂಕ್ ಕಳಿಸಿದರು. ಅವರು ಡೆಲ್ಟಾ ಸಿಗ್ಮಾ ಥೀಟಾ ಎಂಬ ಸೊರೊರಿಟಿಯ, ಅಂದರೆ ಕಾಲೇಜಿನ ಹೆಣ್ಣುಮಕ್ಕಳು ಕಟ್ಟಿಕೊಳ್ಳುವ ಸಂಘದ, ಸದಸ್ಯೆ. ಅವರ ಅಲಮ್ನಿ ಚಾಪ್ಟರ್, ಅಂದರೆ ಓದು ಮುಗಿಸಿದ ಸದಸ್ಯೆಯರ ಶಾಖೆ, ಹದಿನಾಲ್ಕರಿಂದ ಹದಿನೆಂಟು ವರ್ಷದ ಹುಡುಗಿಯರಿಗಾಗಿ 'ಜೆಮ್ಸ್' ಎನ್ನುವ ಕಾರ್ಯಕ್ರಮ ನಡೆಸುತ್ತದೆ. ಸೆಪ್ಟೆಂಬರಿನಿಂದ ಮೇ ತನಕ, ತಿಂಗಳಿಗೊಂದು ಶನಿವಾರ.

ಸೊರೊರಿಟಿ ಅಂದ ತಕ್ಷಣ ನಮ್ಮವರ ಕಣ್ಣೆದುರು ಬರುವುದು ಸಿನಿಮಾದ ಪಾರ್ಟಿ, ಕುಡಿತ, ಗಲಾಟೆ. ಯಜಮಾನರು, "ಕಮಲಾ ಹ್ಯಾರಿಸ್ ಇದ್ದಾರಲ್ಲ, ಅದೇನಾ?" ಅಂದರು. ಅಲ್ಲ. ಕಮಲಾ ಅವರದು ಆಲ್ಫಾ ಕಪ್ಪಾ ಆಲ್ಫಾ, 1908ರಲ್ಲಿ ಶುರುವಾದದ್ದು, ಗುಲಾಬಿ-ಹಸಿರು ಬಣ್ಣದವರು. ಡೆಲ್ಟಾದವರು ಕಡುಗೆಂಪು ಮತ್ತು ಕೆನೆಬಣ್ಣ. ಎರಡೂ ಹುಟ್ಟಿದ್ದು ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದಲ್ಲೇ. ಇವರಿಗೆ ಸದಸ್ಯತ್ವ ಕಾಲೇಜಿನ ನಾಲ್ಕು ವರ್ಷಕ್ಕೆ ಮುಗಿಯುವ ವಿಷಯವಲ್ಲ, ಬದುಕಿರುವ ತನಕ. ಡಿಗ್ರಿ ಕೈಗೆ ಬಂದ ಮೇಲೇ ನಿಜವಾದ ಕೆಲಸ ಶುರು ಅಂತ ನನ್ನ ಸಹೋದ್ಯೋಗಿ ಹೇಳುತ್ತಿದ್ದರು. ಅದರ ಅರ್ಥ ನನಗೆ ಆಮೇಲೆ ತಿಳಿಯಿತು.

ಅರ್ಜಿ ತುಂಬಲು ಒಂದು ಸಂಜೆ ಪೂರ್ತಿ ಹಿಡಿಯಿತು. ಮಗಳ ವಿವರ, ಅಲರ್ಜಿ, ಔಷಧಿ, ತುರ್ತಿಗೆ ಕರೆಯಬೇಕಾದ ಇಬ್ಬರ ನಂಬರು, ಫೋಟೋ ತೆಗೆಯಬಹುದೋ ಇಲ್ಲವೋ, ಮಗುವನ್ನು ಕರೆದೊಯ್ಯಲು ಯಾರ‍್ಯಾರು ಬರಬಹುದು ಅನ್ನುವ ಪಟ್ಟಿ, ಶಿಕ್ಷಕರೊಬ್ಬರ ಶಿಫಾರಸು. ಕೊನೆಯಲ್ಲಿ ಮಗಳೇ ಬರೆಯಬೇಕಾದ ಒಂದು ಪುಟ: ನಿನಗೆ ಇಲ್ಲಿ ಏನು ಬೇಕು? ಅವಳು ಬಾಗಿಲು ಹಾಕಿಕೊಂಡು ಬರೆದಳು, ನನಗೆ ತೋರಿಸಲಿಲ್ಲ. ನಾನೂ ಕೇಳಲಿಲ್ಲ.

ಡರ್ಹಮ್‌ನ ಒಂದು ಚರ್ಚಿನ ಸಭಾಂಗಣದಲ್ಲಿ ಮೊದಲ ಸಭೆ. ಹತ್ತು ಗಂಟೆಗೆ ಅಂತ ಹೇಳಿದ್ದರು. ನಮ್ಮ ಅಭ್ಯಾಸದಂತೆ ಹತ್ತೂಕಾಲಿಗೆ ಹೋದೆವು, ಬಾಗಿಲ ಬಳಿಯ ಕುರ್ಚಿಗಳಲ್ಲೇ ಕೂರಬೇಕಾಯಿತು. ಆಮೇಲೆ ಒಂದು ಸಲವೂ ತಡಮಾಡಿಲ್ಲ. ಸಭಾಂಗಣದಲ್ಲಿ ಹತ್ತು ಹನ್ನೆರಡು ಸದಸ್ಯೆಯರು. ನಲವತ್ತರವರೂ ಇದ್ದರು, ಎಂಬತ್ತರ ಹತ್ತಿರ ಬಂದವರೂ ಇದ್ದರು. ನಿವೃತ್ತ ನರ್ಸ್, ಬ್ಯಾಂಕಿನಲ್ಲಿ ದುಡಿದವರು, ವಕೀಲೆ, ಇನ್ನೂ ಪಾಠ ಮಾಡುತ್ತಿರುವ ಗಣಿತದ ಟೀಚರ್.

ಸ್ವಾಗತ ಭಾಷಣ, ಹಾರ ತುರಾಯಿ ಇರುತ್ತದೆ ಅಂದುಕೊಂಡು ಕೂತಿದ್ದೆ. ಮೊದಲ ಅರ್ಧ ಗಂಟೆ ಬರೀ ನಿಯಮ ಓದಿದರು. ಸ್ವಯಂಸೇವಕಿಯರೆಲ್ಲರ ಹಿನ್ನೆಲೆ ಪರಿಶೀಲನೆ ಆಗಿದೆ. ಪಟ್ಟಿಯಲ್ಲಿ ಹೆಸರಿಲ್ಲದವರ ಕೈಗೆ ಮಗುವನ್ನು ಕೊಡುವುದಿಲ್ಲ, ಅವರು ಯಾರೇ ಆಗಿರಲಿ. ಹಾಜರಿಯನ್ನು ಮೂರು ಸಲ ಕರೆಯುತ್ತಾರೆ: ಬಂದಾಗ, ಊಟದ ಹೊತ್ತಿಗೆ, ಹೊರಡುವಾಗ. ಆಮೇಲೆ ಸಂಯೋಜಕಿ ಕನ್ನಡಕ ತೆಗೆದು ನಮ್ಮೆಲ್ಲರನ್ನೂ ನೋಡಿ ಒಂದು ಮಾತು ನಿಧಾನವಾಗಿ ಹೇಳಿದರು: ಯಾವ ಮಗುವೂ, ಯಾವ ಹೊತ್ತಿನಲ್ಲೂ, ಒಬ್ಬರೇ ದೊಡ್ಡವರ ಜೊತೆ ಇರುವುದಿಲ್ಲ. ಕೋಣೆಯಾಗಲಿ, ಕಾರಾಗಲಿ, ಕಾರಿಡಾರಾಗಲಿ, ಇಬ್ಬರು ಇರಲೇಬೇಕು.

ನಾನು ಬೆಳೆದ ಊರಿನಲ್ಲಿ ಟ್ಯೂಷನ್ ಮನೆಗಳಿದ್ದವು, ಸಂಗೀತದ ಪಾಠವಿತ್ತು, ಬೇಸಿಗೆ ಶಿಬಿರವಿತ್ತು. ಯಾರೂ ಇಂಥ ಮಾತನ್ನು ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ. ಹೇಳಿದ್ದರೆ ಕೆಲವು ಹುಡುಗಿಯರ ಬಾಲ್ಯ ಬೇರೆ ಥರ ಇರುತ್ತಿತ್ತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಸಭೆ ಮುಗಿದ ಮೇಲೆ ಸಂಯೋಜಕಿಯನ್ನು ಪಕ್ಕಕ್ಕೆ ಕರೆದು, ಒಂದು ವಾರದಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಇದು ಕಪ್ಪು ಹೆಣ್ಣುಮಕ್ಕಳಿಗಾಗಿ ಕಪ್ಪು ಮಹಿಳೆಯರು ಕಟ್ಟಿದ ಜಾಗ. ಸೀಟು ಇರುವುದೇ ಇಪ್ಪತ್ತೈದು. ನನ್ನ ಮಗಳು ಕೂತರೆ, ಕೂರಬೇಕಾದ ಇನ್ನೊಬ್ಬಳ ಜಾಗ ಹೋಗುವುದಿಲ್ಲವೇ? ಅವರು ನಗಲಿಲ್ಲ, ತೇಲಿಸಿಯೂ ಬಿಡಲಿಲ್ಲ. ಸ್ವಲ್ಪ ಯೋಚನೆ ಮಾಡಿ, "ಬಾಗಿಲು ನಿಮ್ಮ ಮಗಳಿಗೂ ತೆರೆದಿದೆ. ಈ ವರ್ಷ ಜಾಗವೂ ಇದೆ. ಆದರೆ ಒಳಗೆ ನಾವು ಹೇಳೋದು ನಮ್ಮ ಕಥೆ. ಅವಳಿಗೋಸ್ಕರ ಅದನ್ನ ಬದಲಾಯಿಸೋದಿಲ್ಲ. ಕೇಳಿಸಿಕೊಳ್ಳೋ ಮನಸ್ಸಿದ್ರೆ ಬರಲಿ" ಅಂದರು. ಇಷ್ಟು ನೇರವಾದ ಸ್ವಾಗತ ನನಗೆ ಈ ದೇಶದಲ್ಲಿ ಬೇರೆಲ್ಲೂ ಸಿಕ್ಕಿಲ್ಲ.

ಆ ಕಥೆ ಹೀಗಿದೆ. 1913ರ ಜನವರಿ 13ರಂದು ಹೊವರ್ಡ್‌ನ 22 ವಿದ್ಯಾರ್ಥಿನಿಯರು ಸೇರಿ ಡೆಲ್ಟಾ ಕಟ್ಟಿದರು. ಅದಕ್ಕೆ ಐವತ್ತು ದಿನ ತುಂಬುವ ಮೊದಲೇ, ಮಾರ್ಚ್ 3ರಂದು, ವುಡ್ರೋ ವಿಲ್ಸನ್ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಳ್ಳುವ ಹಿಂದಿನ ದಿನ, ಹೆಂಗಸರ ಮತದ ಹಕ್ಕಿಗಾಗಿ ವಾಷಿಂಗ್ಟನ್ನಿನ ಬೀದಿಯಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಕಪ್ಪು ಹೆಂಗಸರು ಹಿಂದುಗಡೆ ನಡೆಯಲಿ ಅನ್ನುವ ಮಾತು ಮೆರವಣಿಗೆಯ ಒಳಗಿನಿಂದಲೇ ಬಂತು. ಆದರೂ ಈ ಹುಡುಗಿಯರು ಕಪ್ಪು ಮಹಿಳೆಯರ ಹಕ್ಕಿಗಾಗಿ ಹೋರಾಡುತ್ತಿದ್ದ ಮೇರಿ ಚರ್ಚ್ ಟೆರೆಲ್ ಅವರ ಜೊತೆ ಹೆಜ್ಜೆ ಹಾಕಿದರು. ಅದೇ ಅವರ ಮೊದಲ ಸಾರ್ವಜನಿಕ ಕೆಲಸ. 1920ರಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಡುವ ಸಂವಿಧಾನದ ತಿದ್ದುಪಡಿ ಬಂದರೂ ದಕ್ಷಿಣದ ರಾಜ್ಯಗಳಲ್ಲಿ ಸಾಕ್ಷರತಾ ಪರೀಕ್ಷೆ, ಬೆದರಿಕೆ ಅಂತ ನೂರು ಅಡ್ಡಿ. 1965ರ ಮತದಾನ ಹಕ್ಕು ಕಾಯ್ದೆಯ ತನಕ ಕಪ್ಪು ಹೆಂಗಸರಲ್ಲಿ ಎಷ್ಟೋ ಜನಕ್ಕೆ ಮತಪೆಟ್ಟಿಗೆ ದೂರವೇ ಉಳಿಯಿತು. ಆ ಇಪ್ಪತ್ತೆರಡು ಜನರಲ್ಲಿ ಒಬ್ಬರಾದ ಬರ್ತಾ ಪಿಟ್ಸ್ ಕ್ಯಾಂಪ್‌ಬೆಲ್ 1981ರಲ್ಲಿ, 92ರ ವಯಸ್ಸಿನಲ್ಲಿ, ಆ ಮೆರವಣಿಗೆಯ ನೆನಪಿಗಾಗಿ ವಾಷಿಂಗ್ಟನ್ನಿನಲ್ಲಿ ಸಾವಿರಾರು ಡೆಲ್ಟಾಗಳ ಮುಂದೆ ಮತ್ತೆ ನಡೆದರು. ಮಗಳು ಮನೆಗೆ ಬಂದು ಹೇಳಿದ ಮೊದಲ ಸಂಗತಿ ಇದು. ಅವಳು ತಾನಾಗಿ ಬಂದು ಏನನ್ನಾದರೂ ಹೇಳಿ ಬಹಳ ದಿನವಾಗಿತ್ತು.

ಹಾಗಾಗಿ ಅವರ ಶರತ್ಕಾಲದ ಮುಖ್ಯ ಕೆಲಸ ಮತದಾರರ ನೋಂದಣಿ. ಒಂದು ಗ್ರಂಥಾಲಯದ ಮುಂದೆ ಮೇಜು ಹಾಕಿ ಹುಡುಗಿಯರನ್ನು ಕೂರಿಸಿದರು. ಕೂರಿಸುವ ಮೊದಲು ಒಂದು ಶನಿವಾರ ಪೂರ್ತಿ ತರಬೇತಿ. ಫಾರ್ಮಿನಲ್ಲಿ ಪಕ್ಷದ ಹೆಸರಿನ ಕಾಲಂ ಇದೆ, ಯಾವ ಪಕ್ಷಕ್ಕೂ ಸೇರದವರಿಗೆ 'ಅನ್‌ಅಫಿಲಿಯೇಟೆಡ್' ಅನ್ನುವ ಚೌಕವೂ ಇದೆ. ಆದರೆ ಆ ಕಾಲಂ ಬಗ್ಗೆ ನೀವು ತುಟಿ ಬಿಚ್ಚುವಂತಿಲ್ಲ, ಕಣ್ಣಲ್ಲೂ ಸೂಚನೆ ಕೊಡುವಂತಿಲ್ಲ. ಚುನಾವಣೆಗೆ 25 ದಿನ ಮುಂಚೆ ಗಡುವು, ತುಂಬಿದ ಫಾರ್ಮು ಯಾರ ಬ್ಯಾಗಿನಲ್ಲೂ ಉಳಿಯಬಾರದು. ನಮ್ಮ ರಾಜ್ಯದಲ್ಲಿ ಹದಿನಾರು, ಹದಿನೇಳರ ಮಕ್ಕಳು ಮುಂಗಡವಾಗಿ ನೋಂದಾಯಿಸಿಕೊಳ್ಳಬಹುದು. ಮಗಳಿಗೆ ಸೆಪ್ಟೆಂಬರಿನಲ್ಲಷ್ಟೇ ಹದಿನಾರು ತುಂಬಿತ್ತು, ಅವಳು ತನ್ನದನ್ನು ತುಂಬಿದಳು.

ನಾನು ನೀರಿನ ಬಾಟಲಿ ಕೊಡಲು ಹೋಗಿದ್ದೆ. ಅವಳು ಪೆನ್ನಿನ ಸಮೇತ ಒಂದು ಹಾಳೆಯನ್ನು ನನ್ನ ಕಡೆ ಸರಿಸಿ, "ಅಮ್ಮ, ನಿಂದು ಆಗಿದ್ಯಾ?" ಅಂದಳು. ಆಗಿರಲಿಲ್ಲ. ಪೌರತ್ವ ಸಿಕ್ಕಿ ಎರಡು ವರ್ಷವಾಗಿತ್ತು. ಪ್ರಮಾಣ ವಚನದ ದಿನ ಸೀರೆ ಉಟ್ಟು ಫೋಟೋ ತೆಗೆಸಿಕೊಂಡಿದ್ದೆ, ಮತ ಹಾಕಲು ಹೆಸರು ಬರೆಸಿರಲಿಲ್ಲ. ಪಕ್ಕದಲ್ಲಿ ಎಂಬತ್ತರ ಹತ್ತಿರದ ಆ ಹಿರಿಯ ಸದಸ್ಯೆ ಕೂತಿದ್ದರು. 1965ರಲ್ಲಿ ಅವರು ಕಾಲೇಜು ಹುಡುಗಿ. ನನಗೆ ಒಂದು ಮಾತೂ ಹೇಳಲಿಲ್ಲ, ಕುರ್ಚಿಯನ್ನಷ್ಟೇ ಎಳೆದು ಕೊಟ್ಟರು. ನಾನು ಕೂತು, ಡ್ರೈವಿಂಗ್ ಲೈಸೆನ್ಸ್ ತೆಗೆದು, ಒಂದೊಂದೇ ಅಕ್ಷರ ತುಂಬಿದೆ. ಪಕ್ಷದ ಕಾಲಂಗೆ ಬಂದಾಗ ಮಗಳು ಬೇಕೆಂದೇ ಆ ಕಡೆ ಮುಖ ತಿರುಗಿಸಿದಳು. ಕಲಿಸಿದ್ದನ್ನು ಕಲಿತಿದ್ದಳು.

ನವೆಂಬರಿನಲ್ಲಿ ಹಣದ ಪಾಠ. ಬ್ಯಾಂಕಿನಲ್ಲಿ ದುಡಿದವರು ಬೋರ್ಡಿನ ಮೇಲೆ ಲೆಕ್ಕ ಬರೆದರು: ಕ್ರೆಡಿಟ್ ಕಾರ್ಡಿನಲ್ಲಿ ಸಾವಿರ ಡಾಲರ್ ಬಾಕಿ, ವರ್ಷಕ್ಕೆ 24 ಪರ್ಸೆಂಟ್ ಬಡ್ಡಿ. ತಿಂಗಳಿಗೆ 25 ಡಾಲರ್ ಕಟ್ಟಿದರೆ ಮೊದಲ ತಿಂಗಳು ಇಪ್ಪತ್ತು ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಐದು. ಮಗಳು ಮನೆಗೆ ಬಂದು ಅಪ್ಪನ ಸ್ಟೇಟ್‌ಮೆಂಟ್ ಕೇಳಿದಳು.

ಅಷ್ಟರಲ್ಲಿ ತಿಪಟೂರಿನಿಂದ ಅತ್ತೆ ಬಂದಿದ್ದರು, ಆರು ತಿಂಗಳಿಗೆ. ಎಪ್ಪತ್ತೊಂದು ವರ್ಷ. ಅಲ್ಲಿನ ಮಹಿಳಾ ಸಮಾಜದಲ್ಲಿ ಹಲವು ವರ್ಷ ಖಜಾಂಚಿಯಾಗಿದ್ದವರು. ಶಿಶುವಿಹಾರದ ಲೆಕ್ಕ ಬರೆದು ಬರೆದು ಬೆರಳಿನಲ್ಲಿ ಗಂಟು ಬಿದ್ದಿದೆ. ಸೊರೊರಿಟಿ ಅಂದರೇನು ಅಂತ ನಾನು ವಿವರಿಸಿದಾಗ ಅವರು ಕೇಳಿದ ಪ್ರಶ್ನೆ ಒಂದೇ: "ಲೆಕ್ಕ ಯಾರು ಇಡ್ತಾರೆ?"

ಮಾರ್ಟಿನ್ ಲೂಥರ್ ಕಿಂಗ್ ದಿನ, ಜನವರಿಯ ಮೂರನೇ ಸೋಮವಾರ, ಇಲ್ಲಿ ರಜೆ. ಆದರೆ ಆ ದಿನ ಸೇವೆ ಮಾಡುವ ರೂಢಿಯಿದೆ. ಮಹಿಳೆಯರ ಆಶ್ರಯಧಾಮಕ್ಕೆ ಇನ್ನೂರು ಚೀಲ ಕಟ್ಟಬೇಕಿತ್ತು: ಸೋಪು, ಹಲ್ಲುಜ್ಜುವ ಬ್ರಷ್ಷು, ಪೇಸ್ಟು, ಬಾಚಣಿಗೆ, ಸಣ್ಣ ಟವೆಲ್ಲು, ಕಾಲುಚೀಲ, ಸ್ಯಾನಿಟರಿ ಪ್ಯಾಡು, ಲೋಷನ್ನು. ಅತ್ತೆಯನ್ನೂ ಕರೆದುಕೊಂಡು ಹೋದೆ. ಹುಡುಗಿಯರು ಸಾಮಾನಿನ ಗುಡ್ಡೆಗಳ ಸುತ್ತ ಓಡಾಡಿಕೊಂಡು ಒಂದೊಂದು ಚೀಲ ತುಂಬುತ್ತಿದ್ದರು. ಒಬ್ಬರಿಗೊಬ್ಬರು ಡಿಕ್ಕಿ, ಕೆಲವು ಚೀಲದಲ್ಲಿ ಎರಡು ಬಾಚಣಿಗೆ, ಕೆಲವದರಲ್ಲಿ ಒಂದೂ ಇಲ್ಲ. ಅತ್ತೆ ಐದು ನಿಮಿಷ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮೇಜುಗಳನ್ನು ಉದ್ದಕ್ಕೆ ಜೋಡಿಸತೊಡಗಿದರು. ಪಂಕ್ತಿಯಲ್ಲಿ ಎಲೆಗೆ ಬಡಿಸುವ ಕ್ರಮವೇ ಅದು, ತಿರುವುಮುರುವಾಗಿ: ಒಬ್ಬರಿಗೆ ಒಂದೇ ಪದಾರ್ಥ, ಆದರೆ ಇಲ್ಲಿ ಬಡಿಸುವವರು ಕದಲಬಾರದು, ಚೀಲ ಮಾತ್ರ ಮುಂದಕ್ಕೆ ಹೋಗಬೇಕು. ಟವೆಲ್ಲು ಮೊದಲು, ಅಡಿಗೆ. ಪ್ಯಾಡು ಅದರ ಮೇಲೆ. ಲೋಷನ್ನು ಕೊನೆಗೆ, ನೆಟ್ಟಗೆ, ಸೋರದ ಹಾಗೆ.

ನಿವೃತ್ತ ನರ್ಸಮ್ಮ ಬಂದು ಎದುರು ನಿಂತರು. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವರಿಗೆ ಕನ್ನಡದ ಗಂಧವಿಲ್ಲ. ಅತ್ತೆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ತೋರಿಸಿದರು. ನರ್ಸಮ್ಮ ತಲೆಯಾಡಿಸಿ, ಅದೇ ಟವೆಲ್ಲನ್ನು ಮೂರು ಮಡಿಕೆ ಮಾಡಿ ಸುರುಳಿ ಸುತ್ತಿ, ನಡುವೆ ಬ್ರಷ್ಷು ಪೇಸ್ಟು ತೂರಿಸಿದರು. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಇದೇ ಸರಿ" ಅಂತ ಕನ್ನಡದಲ್ಲೇ ಒಪ್ಪಿಕೊಂಡರು. ಅಲ್ಲಿಂದ ಇಬ್ಬರೂ ಸುತ್ತುತ್ತಲೇ ಇದ್ದರು. ಹತ್ತಕ್ಕೊಂದು ಚೀಲವನ್ನು ನರ್ಸಮ್ಮ ಬಿಚ್ಚಿ ಎಂಟು ಸಾಮಾನು ಎಣಿಸಿ ಮತ್ತೆ ಕಟ್ಟುತ್ತಿದ್ದರು, ಅತ್ತೆ ಪಕ್ಕದಲ್ಲಿ ನಿಂತು ಒಂದು, ಎರಡು ಅಂತ ಕನ್ನಡದಲ್ಲಿ ಜೊತೆಗೂಡುತ್ತಿದ್ದರು. ಕೊನೆಗೆ ಸಂಯೋಜಕಿ ಬಂದು ಅತ್ತೆಯ ಕೈ ಹಿಡಿದು, ತಮ್ಮ ರಾಷ್ಟ್ರೀಯ ಅಧ್ಯಕ್ಷೆಯಾಗಿದ್ದ ಡೊರೊಥಿ ಹೈಟ್ ಅವರು 1952ರಲ್ಲಿ ದೆಹಲಿಯ ಸಮಾಜ ಕಾರ್ಯ ಶಾಲೆಯಲ್ಲಿ ಪಾಠ ಮಾಡಿದ್ದನ್ನು ಹೇಳಿದರು. 1963ರಲ್ಲಿ ಕಿಂಗ್ ಅವರ ಪ್ರಸಿದ್ಧ ಭಾಷಣದ ದಿನ ವೇದಿಕೆಯ ಮೇಲಿದ್ದವರು ಆಕೆ. ನಾನು ಅನುವಾದ ಮಾಡಿ ಹೇಳಿದೆ. "ನಾನಾಗ ಹುಟ್ಟೂ ಇರಲಿಲ್ಲ, ನಮ್ಮಮ್ಮ ಇದ್ರು, ಗೊತ್ತಿದ್ರೆ ಖುಷಿಪಡ್ತಿದ್ರು ಅಂತ ಹೇಳು" ಅಂದರು ಅತ್ತೆ.

ಫೆಬ್ರವರಿಯಲ್ಲಿ ಗ್ರೀನ್ಸ್‌ಬರೋ ಪ್ರವಾಸ. ಬೆಳಿಗ್ಗೆ ಏಳೂವರೆಗೆ ಬಾಡಿಗೆ ಬಸ್ಸು ಬರಬೇಕಿತ್ತು. ಎಂಟಾಯಿತು, ಬರಲಿಲ್ಲ. ಫೋನ್ ಮಾಡಿದರೆ ಬುಕಿಂಗ್ ಮುಂದಿನ ಶನಿವಾರಕ್ಕೆ ಆಗಿದೆ ಅನ್ನುತ್ತಾರೆ. ಚಳಿಯಲ್ಲಿ ಇಪ್ಪತ್ತಮೂರು ಹುಡುಗಿಯರು ಬಾಯಿಂದ ಹೊಗೆ ಬಿಡುತ್ತಾ ನಿಂತಿದ್ದಾರೆ. ನಮ್ಮ ಕಡೆಯಾಗಿದ್ದರೆ ಐದು ನಿಮಿಷದಲ್ಲಿ "ಹತ್ರಿ, ಹತ್ರಿ, ಅಡ್ಜಸ್ಟ್ ಮಾಡ್ಕೊಳಿ" ಅಂತ ಸಿಕ್ಕ ಕಾರಿಗೆ ತುಂಬಿ ಹೊರಟೇಬಿಡುತ್ತಿದ್ದೆವು. ನಾನೂ ಮಿನಿವ್ಯಾನಿನ ಬಾಗಿಲು ತೆಗೆದು ಅದನ್ನೇ ಹೇಳಿದೆ. ಸಂಯೋಜಕಿ ಕೈ ಅಡ್ಡ ಹಿಡಿದರು. ಸಹಿ ಆಗಿರುವುದು ಬಸ್ಸಿನ ಪ್ರಯಾಣಕ್ಕೆ. ಕಾರಿನಲ್ಲಿ ಹೋಗಬೇಕಾದರೆ ಒಬ್ಬೊಬ್ಬ ತಂದೆ ತಾಯಿಗೂ ಹೇಳಿ ಬರಹದಲ್ಲಿ ಒಪ್ಪಿಗೆ ತರಿಸಬೇಕು. ಪ್ರತಿ ಕಾರಿನಲ್ಲಿ ಇಬ್ಬರು ದೊಡ್ಡವರು, ಇಬ್ಬರ ಪರಿಶೀಲನೆಯೂ ಆಗಿರಬೇಕು. ನನ್ನದು ಡಿಸೆಂಬರಿನಲ್ಲೇ ಮುಗಿದಿತ್ತು, ಆದರೆ ಜೊತೆಗೆ ಇನ್ನೊಬ್ಬರು ಬೇಕಿತ್ತು.

ಮುಂದಿನ ಐವತ್ತು ನಿಮಿಷ ಆ ಹೆಂಗಸರು ಫೋನಿನ ಮೇಲೆ ಫೋನು ಮಾಡಿದರು. ಶನಿವಾರ ಬೆಳಿಗ್ಗೆ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಸದಸ್ಯೆಯೊಬ್ಬರು ಅದೇ ಅವತಾರದಲ್ಲಿ ಬಂದರು. ಒಬ್ಬರು ಮೊಮ್ಮಗನ ಆಟದ ಪಂದ್ಯ ಬಿಟ್ಟು ಬಂದರು. ಒಪ್ಪಿಗೆಗಳು ಒಂದೊಂದೇ ಮೆಸೇಜಿನಲ್ಲಿ ಬರುತ್ತಿದ್ದವು. ಬಂದ ಹಾಗೆ ಹಾಜರಿ ಪಟ್ಟಿಯಲ್ಲಿ ಗುರುತು ಹಾಕಬೇಕಲ್ಲ, ಆ ಪಟ್ಟಿ ನನ್ನ ಮಗಳ ಕೈಯಲ್ಲಿತ್ತು. ಅಕ್ಟೋಬರಿನಿಂದ ಹಾಜರಿ ಕರೆಯುವ ಕೆಲಸ ಅವಳದೇ ಎಂದು ನನಗೆ ಗೊತ್ತೇ ಇರಲಿಲ್ಲ. ಅರ್ಜಿಯಲ್ಲಿ ಅವಳು ಬರೆದಿದ್ದ ಪುಟವನ್ನು ಯಾರೋ ಓದಿ, ಯೋಚಿಸಿ ಕೊಟ್ಟಿದ್ದರು. ಕ್ಲಿಪ್‌ಬೋರ್ಡು ಎದೆಗೊತ್ತಿಕೊಂಡು, ಪಾರ್ಕಿಂಗ್ ಲಾಟಿನ ನಡುವೆ ನಿಂತು, ಯಾವ ಕಾರಿಗೆ ಯಾರು ಅಂತ ಅವಳು ಹೆಸರು ಕೂಗುತ್ತಿದ್ದಳು. ಒಬ್ಬ ಹುಡುಗಿ ಗೆಳತಿಯ ಕಾರಿಗೆ ಹತ್ತಲು ಹೋದಾಗ, "ನಿನ್ನ ಹೆಸರು ಮೂರನೇ ಕಾರಲ್ಲಿದೆ" ಅಂತ ನಿಲ್ಲಿಸಿದಳು. ಆ ಗಂಟಲನ್ನು ನಾನು ಒಂದೂವರೆ ವರ್ಷದಿಂದ ಕೇಳಿರಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡು ಸುಮ್ಮನೆ ಕೂತೆ. ಪಕ್ಕದ ಸೀಟಿಗೆ ಬಂದು ಕೂತ ಗಣಿತದ ಟೀಚರ್ ನನಗೊಂದು ಟಿಶ್ಯೂ ಕೊಟ್ಟು, ಹೀಟರ್ ಹಾಕಿ ಅಂದರು.

ಗ್ರೀನ್ಸ್‌ಬರೋದಲ್ಲಿ ಹಳೆಯ ವುಲ್‌ವರ್ತ್ ಅಂಗಡಿಯೇ ಈಗ ವಸ್ತುಸಂಗ್ರಹಾಲಯ. 1960ರ ಫೆಬ್ರವರಿ 1ರಂದು ಪಕ್ಕದ ಕಾಲೇಜಿನ ನಾಲ್ವರು ಹುಡುಗರು ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದ್ದು ಇಲ್ಲೇ. ಹುಡುಗರ ಹೆಸರು ಎಲ್ಲರಿಗೂ ಗೊತ್ತು. ಅದೇ ಊರಿನ ಮಹಿಳಾ ಕಾಲೇಜು ಬೆನೆಟ್‌ನ ಹುಡುಗಿಯರೂ ಆ ಧರಣಿಗೆ ಬೆನ್ನೆಲುಬಾಗಿದ್ದರು ಅನ್ನುವುದನ್ನು ನಮ್ಮ ಜೊತೆ ಬಂದಿದ್ದ ಹಿರಿಯರು ಮತ್ತೆ ಮತ್ತೆ ಹೇಳಿದರು, ಸಂಜೆ ಬೆನೆಟ್ ಆವರಣವನ್ನೂ ತೋರಿಸಿದರು. ಕೌಂಟರು ಇದ್ದ ಜಾಗದಲ್ಲೇ ಇದೆ, ಸ್ಟೂಲುಗಳ ಸಾಲೂ ಇದೆ. ಆ ವರ್ಷದ ಜುಲೈ 25ರಂದು ಅಂಗಡಿಯವರು ಕೊನೆಗೂ ಮಣಿದಾಗ ಅಲ್ಲಿ ಮೊದಲು ಊಟ ಮಾಡಿದವರು ಅದೇ ಅಂಗಡಿಯಲ್ಲಿ ದುಡಿಯುತ್ತಿದ್ದ ಕಪ್ಪು ನೌಕರರು. ಅಲ್ಲಿಯ ತನಕ ಅವರು ಬೇಯಿಸಬಹುದಿತ್ತು, ಬಡಿಸಬಹುದಿತ್ತು, ಕೂರುವಂತಿರಲಿಲ್ಲ. ಇದನ್ನು ಕೇಳಿ ನಮ್ಮ ಊರಿನ ಹೋಟೆಲುಗಳ ಹೊರಗಿನ ಬೇರೆ ಲೋಟ ನನಗೆ ನೆನಪಾಯಿತು. ವಾಪಸ್ ಬರುವಾಗ ಮಗಳಿಗೆ ಅದನ್ನು ಹೇಳಿದೆ. ಅವಳಿಗೆ ಹೇಳಿರಲೇ ಇಲ್ಲ ನಾನು, ಹದಿನಾರು ವರ್ಷ. ಹಿಂದಿನ ಸೀಟಿನ ಹುಡುಗಿಯರೂ ಕೇಳಿಸಿಕೊಳ್ಳುತ್ತಿದ್ದರು. ಒಬ್ಬಳು, "ಆಂಟಿ, ನಿಮ್ಮನೆಯವರು ಯಾವ ಲೋಟದಲ್ಲಿ ಕುಡೀತಿದ್ರು?" ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಒಳಗಿನ ಲೋಟದಲ್ಲಿ ಅಂತ ನಿಜವನ್ನೇ ಹೇಳಿದೆ. ಸ್ವಲ್ಪ ಹೊತ್ತು ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಟೀಚರ್ ನನ್ನ ಕಡೆ ತಿರುಗಿ, ಮುಂದುವರಿಸಿ ಅನ್ನುವ ಹಾಗೆ ತಲೆಯಾಡಿಸಿದರು. ಡರ್ಹಮ್ ಬರುವ ತನಕ ಅದೇ ಮಾತಾಯಿತು.

ಮೇ ತಿಂಗಳ ಸಮಾರೋಪ, ಪ್ರಮಾಣಪತ್ರ, ಮೂರು ನಿಮಿಷದ ಭಾಷಣ ಎಲ್ಲ ಚೆನ್ನಾಗೇ ಆದವು. ನನಗೆ ಹೆಚ್ಚು ನೆನಪಿರುವುದು ಪಾರ್ಕಿಂಗ್ ಲಾಟು.

ಅತ್ತೆ ಮಾರ್ಚಿನಲ್ಲೇ ಊರಿಗೆ ಹೋಗಿದ್ದರು. ಏಪ್ರಿಲಿನಲ್ಲಿ ಒಂದು ರಾತ್ರಿ ಫೋನ್ ಬಂತು. ಸಮಾಜದ ಬೇಸಿಗೆ ಶಿಬಿರಕ್ಕೆ ಮಕ್ಕಳು ಬರ್ತಾರೆ, ಆ ಫಾರಂ ಇದೆಯಲ್ಲ, ಯಾರು ಕರ್ಕೊಂಡು ಹೋಗ್ತಾರೆ, ಯಾರಿಗೆ ಫೋನ್ ಮಾಡಬೇಕು ಅಂತ, ಅದನ್ನ ಕನ್ನಡದಲ್ಲಿ ಬರೆದು ಕಳಿಸು ಅಂದರು. ನಾನೂ ಮಗಳೂ ಕೂತು ಬರೆದೆವು. ಇಲ್ಲಿಯ ಫಾರಂನಲ್ಲಿ ಇಬ್ಬರು ದೊಡ್ಡವರ ನಿಯಮ ಎರಡನೇ ಪುಟದ ಕೊನೆಯಲ್ಲಿದೆ, ನಾವೂ ಅಲ್ಲೇ ಹಾಕಿದ್ದೆವು. ಎರಡು ದಿನ ಬಿಟ್ಟು ಅತ್ತೆ ಅಚ್ಚಾದ ಹಾಳೆಯ ಫೋಟೋ ಕಳಿಸಿದರು. ಸಮಾಜದ ಹೆಸರಿನ ಕೆಳಗೆ, ಮಗುವಿನ ಹೆಸರಿಗಿಂತಲೂ ಮೊದಲು, ದಪ್ಪ ಅಕ್ಷರದಲ್ಲಿ ಆ ಸಾಲಿತ್ತು. ಕೆಳಗೆ ಅವರ ವಾಯ್ಸ್ ಮೆಸೇಜು: "ಅದನ್ನ ಮೇಲಕ್ಕೆ ತಂದಿದೀನಿ ಕಣಮ್ಮ. ಇಲ್ಲಿ ಎರಡನೇ ಪುಟ ಯಾರೂ ಓದಲ್ಲ."